ಹಡಗು ಹತ್ತಿ ಹೋದವರನ್ನು ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

1834ರಿಂದ 1917ರವರೆಗೆ ಹತ್ತು ಲಕ್ಷಕ್ಕೂ ಜಾಸ್ತಿ ಜನ ಕೂಲಿ ಕರಾರಿಗೆ ಹೆಬ್ಬೆಟ್ಟು ಒತ್ತಿ ಭಾರತ ಬಿಟ್ಟು ಹೋದರು. ಮಾರಿಷಸ್, ನಟಾಲ್, ಫಿಜಿ, ಟ್ರಿನಿಡಾಡ್, ಗಯಾನಾ, ಸುರಿನಾಮ್, ಹೀಗೆ ಕಬ್ಬು ಬೆಳೆಯುವ ಕಡೆಗೆಲ್ಲ. 'ಅಗ್ರಿಮೆಂಟ್' ಅನ್ನೋ ಮಾತು ಅವರ ಬಾಯಲ್ಲಿ 'ಗಿರ್ಮಿಟ್' ಆಯ್ತು. ಹುಬ್ಬಳ್ಳಿ ಕಡೆಯವರಿಗೆ ಗಿರ್ಮಿಟ್ ಅಂದರೆ ಮಂಡಕ್ಕಿ ನೆನಪಾಗುತ್ತದೆ. ಫಿಜಿಯಲ್ಲಿ ಅದೇ ಪದ ಕೇಳಿದರೆ ವಯಸ್ಸಾದವರ ಕಣ್ಣು ತುಂಬುತ್ತದೆ.

ನನ್ನನ್ನು ಎರಡು ಥರದ ಜನ ಕೇಳುತ್ತಾರೆ. ಹೋದವರ ಮೊಮ್ಮಕ್ಕಳು 'ನಮ್ಮ ಊರು ಯಾವುದು' ಅಂತ. ಇಲ್ಲೇ ಉಳಿದವರು 'ನಮ್ಮ ಮನೆಯಿಂದ ಒಬ್ಬರು ಹೋದರಂತೆ, ಅವರು ಏನಾದರು' ಅಂತ. ಇಬ್ಬರಿಗೂ ಸೇರಿಸಿ ಉತ್ತರ ಬರೆದಿದ್ದೇನೆ.

ನಮಗೆ ಅವರ ಹೆಸರೂ ಗೊತ್ತಿಲ್ಲ. ಆದರೂ ಹುಡುಕಬಹುದಾ?

ಹುಡುಕಬಹುದು. ನಾನು ಶುರು ಮಾಡಿದ್ದೂ ಹಾಗೆಯೇ.

ನನ್ನ ಅಜ್ಜಿ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವಾಗ ಒಂದು ಎಲೆ ಜಾಸ್ತಿ ಹಾಕುತ್ತಿದ್ದರು. ಉಳಿದ ಎಲೆಗಳ ಮುಂದೆ ಹೆಸರು ಹೇಳಿ ಕೈ ಮುಗಿಯುತ್ತಿದ್ದರು. ಆ ಕೊನೆಯ ಎಲೆಯ ಮುಂದೆ 'ಹಡಗಿನಲ್ಲಿ ಹೋದವನಿಗೆ' ಅಂತಷ್ಟೇ. ಅವರ ಅಜ್ಜನ ತಮ್ಮ ಅವನು. ಹೆಸರು ಯಾರಿಗೂ ನೆನಪಿರಲಿಲ್ಲ. ಕೇಳಿದರೆ ಅಜ್ಜಿ ಯಾವಾಗಲೂ ಒಂದೇ ಮಾತು ಹೇಳುತ್ತಿದ್ದರು: 'ಚಿಕ್ಕವನಿದ್ದಾಗ ಎತ್ತು ತಿವಿದು ಎಡಗೆನ್ನೆ ಸೀಳಿತ್ತಂತೆ.' ನಾನು ಅದನ್ನು ಬರೆದುಕೊಳ್ಳಲೇ ಇಲ್ಲ. ಹೆಸರಿಲ್ಲದವನ ಕೆನ್ನೆ ಕಟ್ಟಿಕೊಂಡು ಏನು ಮಾಡೋದು ಅಂದುಕೊಂಡಿದ್ದೆ. ಕೊನೆಗೆ ದಾರಿ ತೋರಿಸಿದ್ದು ಅದೇ.

ಆದ್ದರಿಂದ ಮೊದಲ ಕೆಲಸ ಕಂಪ್ಯೂಟರ್ ಮುಂದೆ ಅಲ್ಲ, ಮನೆಯ ಹಿರಿಯರ ಮುಂದೆ. ಕೇಳಿದ್ದನ್ನೆಲ್ಲ ಅವರ ಮಾತಲ್ಲೇ ಬರೆದುಕೊಳ್ಳಿ. ಸಾಧ್ಯವಾದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. 'ಹೆಸರು ಏನು' ಅಂತ ಕೇಳಿದರೆ 'ಗೊತ್ತಿಲ್ಲ' ಅಂತಾರೆ. ಹಾಗೆ ಕೇಳಬೇಡಿ. ಯಾಕೆ ಹೋದ? ಬರಗಾಲವಾ, ಸಾಲವಾ, ಜಗಳವಾ? ಜೊತೆಗೆ ಯಾರು ಹೋದರು? ಅವನ ಅಪ್ಪನ ಹೆಸರೇನು? ಮೈಮೇಲೆ ಗುರುತು ಏನಾದರೂ ಇತ್ತಾ? ಈ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ಯಾವ ದೇಶಕ್ಕೆ ಹೋದರು ಅಂತ ಹೇಗೆ ಕಂಡುಹಿಡಿಯೋದು?

ಬಂದರು ಮತ್ತು ಕಾಲ, ಎರಡನ್ನೂ ಹಿಡಿದು ಹೋಗಿ. ದಕ್ಷಿಣದವರು ಹೆಚ್ಚಾಗಿ ಮದ್ರಾಸ್ ಬಂದರಿನಿಂದ, ಉತ್ತರದವರು ಕಲ್ಕತ್ತಾದಿಂದ ಹೊರಟರು.

ಮಾರಿಷಸ್‌ಗೆ 'ಅಟ್ಲಾಸ್' ಹಡಗು ಮುಟ್ಟಿದ್ದು 1834ರ ನವೆಂಬರ್ 2ರಂದು. ಆಮೇಲೆ ಅಲ್ಲಿಗೆ ಹೋದವರು ಸುಮಾರು ನಾಲ್ಕೂವರೆ ಲಕ್ಷ. ಗಯಾನಾಕ್ಕೆ 1838ರಲ್ಲಿ, ಟ್ರಿನಿಡಾಡ್‌ಗೆ 1845ರಲ್ಲಿ ಮೊದಲ ಹಡಗು ಹೋಯಿತು. ನಟಾಲ್‌ಗೆ, ಅಂದರೆ ಈಗಿನ ದಕ್ಷಿಣ ಆಫ್ರಿಕಾದ ಡರ್ಬನ್ ಕಡೆಗೆ, ಮದ್ರಾಸಿನಿಂದ ಹೊರಟ 'ಟ್ರೂರೋ' ತಲುಪಿದ್ದು 1860ರ ನವೆಂಬರ್ 16ರಂದು. ಸುರಿನಾಮ್‌ಗೆ 'ಲಲ್ಲಾ ರೂಖ್' 1873ರಲ್ಲಿ, ಫಿಜಿಗೆ 'ಲಿಯೋನಿಡಾಸ್' 1879ರಲ್ಲಿ.

ಕನ್ನಡ ಸೀಮೆಯವರು ಮೊದಲು ನೋಡಬೇಕಾದ್ದು ನಟಾಲ್ ಪಟ್ಟಿ. 1860ರಿಂದ 1911ರವರೆಗೆ ಅಲ್ಲಿಗೆ ಹೋದ 1,52,184 ಜನರಲ್ಲಿ ಹೆಚ್ಚಿನವರು ಮದ್ರಾಸಿನಿಂದ ಹೋದವರು. ಫಿಜಿಗೆ ಮದ್ರಾಸಿನಿಂದ ಹಡಗು ಶುರುವಾಗಿದ್ದು 1903ರಲ್ಲಿ. ಅದಕ್ಕೂ ಮುಂಚೆ ಹೋದವರಾದರೆ ಅಲ್ಲಿ ಹುಡುಕಿ ಸುಸ್ತಾಗಬೇಡಿ. ಸುರಿನಾಮ್‌ಗೆ ಎಲ್ಲರೂ ಹೋದದ್ದು ಕಲ್ಕತ್ತಾದಿಂದಲೇ.

ಮನೆಯವರು ಹೇಳುವ ವರ್ಷವನ್ನು ಪೂರ್ತಿ ನಂಬಬೇಡಿ. 1866ರಿಂದ 1874ರವರೆಗೆ ನಟಾಲ್‌ಗೆ ಕೂಲಿ ಹಡಗು ಹೋಗಲೇ ಇಲ್ಲ. '1870ರಲ್ಲಿ ನಟಾಲ್‌ಗೆ ಹೋದರು' ಅಂತ ಮನೆಯಲ್ಲಿ ಮಾತಿದ್ದರೆ ದೇಶವಾದರೂ ತಪ್ಪು, ವರ್ಷವಾದರೂ ತಪ್ಪು. ವರ್ಷಕ್ಕಿಂತ ಬರಗಾಲದ ನೆನಪು ಗಟ್ಟಿ. ಮೈಸೂರು ಮತ್ತು ಬಳ್ಳಾರಿ ಸೀಮೆಯನ್ನು ನುಂಗಿದ ದೊಡ್ಡ ಬರ 1876ರಿಂದ 78ರದ್ದು. 'ದೊಡ್ಡ ಬರದಲ್ಲಿ ಹೋದ' ಅಂದರೆ ಆ ವರ್ಷಗಳಿಂದ ಹುಡುಕಲು ಶುರು ಮಾಡಿ.

ಸಿಲೋನ್, ಮಲಯಾ, ಬರ್ಮಾಕ್ಕೆ ಹೋದವರಾದರೆ?

ಅದು ಕಷ್ಟದ ದಾರಿ. ಅಲ್ಲಿಗೆ ಬಹಳಷ್ಟು ಜನ ಹೋದದ್ದು ಕಂಗಾಣಿ (ಕೂಲಿ ಜನರನ್ನು ಕೂಡಿಸಿ ಕರೆದುಕೊಂಡು ಹೋಗುವ ಮುಖಂಡ) ಅಥವಾ ಮೇಸ್ತ್ರಿಯ ಜೊತೆ, ಗುಂಪು ಗುಂಪಾಗಿ. ಒಬ್ಬೊಬ್ಬರ ವಿವರ ಬರೆದ ಪಾಸ್ ಸಿಗುವುದು ಅಪರೂಪ. ತೋಟದ ದಾಖಲೆ, ದೇವಸ್ಥಾನದ ಲೆಕ್ಕ, ಸಮಾಧಿ ಕಲ್ಲು, ಇವೇ ಆಧಾರ. ಕೈಯಿಂದ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ವ್ಯಾಪಾರಕ್ಕೆ ಹೋದವರ ಕಥೆಯೂ ಇದೇ.

ಆ ಪಾಸಿನಲ್ಲಿ ಏನೇನು ಬರೆದಿರುತ್ತದೆ?

ಹೊಸಬರು ಬೆರಗಾಗೋದು ಇಲ್ಲೇ. ಇದಕ್ಕೆ 'ಎಮಿಗ್ರೇಶನ್ ಪಾಸ್' ಅಂತ ಹೆಸರು. ಒಬ್ಬರಿಗೆ ಒಂದು ಹಾಳೆ. ಮೇಲೆ ಹಡಗಿನ ಹೆಸರು, ಡಿಪೋ ನಂಬರ್ (ಡಿಪೋ ಅಂದರೆ ಹಡಗು ಹತ್ತುವ ಮುಂಚೆ ಕೂಲಿಗಳನ್ನು ಇರಿಸುತ್ತಿದ್ದ ಜಾಗ). ಕೆಳಗೆ ಹೆಸರು, ತಂದೆಯ ಹೆಸರು, ವಯಸ್ಸು, ಗಂಡೋ ಹೆಣ್ಣೋ, ಜಾತಿ. ಆಮೇಲೆ ಜಿಲ್ಲೆ, ತಾಲ್ಲೂಕು ಅಥವಾ ಠಾಣೆ, ಊರು. ಹತ್ತಿರದ ನೆಂಟರು ಯಾರು ಅಂತ. ಮದುವೆಯಾಗಿದ್ದರೆ ಯಾರ ಜೊತೆ ಅಂತ. ಎತ್ತರ ಎಷ್ಟು ಅಡಿ, ಎಷ್ಟು ಇಂಚು. ಕೊನೆಗೆ ಮೈಮೇಲಿನ ಗುರುತು.

ಬರೆದವನು ಗುಮಾಸ್ತ. ಕೂಲಿ ತಪ್ಪಿಸಿಕೊಂಡರೆ ಹಿಡಿಯೋಕೆ ಬೇಕು ಅಂತ ಬರೆದದ್ದು. ಪ್ರೀತಿಯಿಂದ ಬರೆದದ್ದಲ್ಲ. ಆದರೂ ಅಕ್ಷರ ಬಾರದ ಒಬ್ಬ ಬಡವನ ಎತ್ತರ, ಗಾಯ, ಅಪ್ಪನ ಹೆಸರು ಇವತ್ತಿಗೂ ಉಳಿದಿರುವ ಕಾಗದ ಅದೊಂದೇ. ಅದೇ ಕಾಲದಲ್ಲಿ ಊರಲ್ಲೇ ಉಳಿದ ಅವನ ಅಣ್ಣನ ಎತ್ತರ ನಮಗೆ ಗೊತ್ತಿಲ್ಲ.

ನಟಾಲ್‌ನಲ್ಲಿ ಇಂಥ ವಿವರಗಳನ್ನು ಹಡಗಿನ ಪ್ರಕಾರ ದಪ್ಪ ರಿಜಿಸ್ಟರ್‌ಗಳಲ್ಲಿ ಬರೆದಿಟ್ಟರು. ನಾನು ಹೆಸರಿನ ಕಾಲಂ ಬಿಟ್ಟು ತಂದೆಯ ಹೆಸರು ಮತ್ತು ಊರಿನ ಕಾಲಂ ಮಾತ್ರ ನೋಡುತ್ತಾ ಹೋದೆ. ಏಳು ತಿಂಗಳು ಹಿಡಿಯಿತು. ತಂದೆಯ ಹೆಸರು ಹೊಂದುವ ಮೂವರು ಸಿಕ್ಕರು. ಮೂವರ ಊರೂ ಇಂಗ್ಲಿಷ್ ಕಾಗುಣಿತದಲ್ಲಿ ಎಡವಟ್ಟಾಗಿ ಒಂದೇ ಥರ ಕಾಣುತ್ತಿತ್ತು. ಮೂರನೆಯವನ ಸಾಲಿನ ಕೊನೆಗೆ ಇದ್ದದ್ದು ಮೂರೇ ಪದ: ಗಾಯದ ಗುರುತು, ಎಡಗೆನ್ನೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

'ಮೊದಲು ನಂಬರ್ ಹುಡುಕಿ' ಅಂತೀರಲ್ಲ, ಅದು ಯಾವ ನಂಬರ್?

ಪ್ರತಿ ಕೂಲಿಗೂ ಸರ್ಕಾರ ಒಂದು ನಂಬರ್ ಕೊಟ್ಟಿತ್ತು. ನಟಾಲ್‌ನಲ್ಲಿ ಅದು 'ಕಲೋನಿಯಲ್ ನಂಬರ್'. ಫಿಜಿಯಲ್ಲಿ ಪಾಸ್ ನಂಬರ್. ಮಾರಿಷಸ್‌ನಲ್ಲಿ ಇಮಿಗ್ರಂಟ್ ನಂಬರ್. ಮದುವೆ, ಮಗುವಿನ ಜನನ, ಸಾವು, ತೋಟ ಬದಲಾವಣೆ, ಎಲ್ಲ ಕಾಗದದಲ್ಲೂ ಆ ನಂಬರ್ ಹಿಂಬಾಲಿಸುತ್ತದೆ. ಹೆಸರು ಹತ್ತು ಥರ ಬದಲಾದರೂ ನಂಬರ್ ಬದಲಾಗಲಿಲ್ಲ.

ನೀವು ಹೋದವರ ಮೊಮ್ಮಕ್ಕಳಾದರೆ ಹಳೆಯ ಪೆಟ್ಟಿಗೆ ತೆಗೆಯಿರಿ. ಅಜ್ಜನ ಮದುವೆ ಸರ್ಟಿಫಿಕೇಟ್, ಮರಣ ಪತ್ರ, ಜಮೀನು ಕಾಗದ, ಎಲ್ಲದರ ಮೂಲೆಯನ್ನೂ ನೋಡಿ. ಅರ್ಥವಾಗದ ನಾಲ್ಕರಿಂದ ಆರು ಅಂಕಿ ಕಂಡರೆ ಬಹುಶಃ ಅದೇ. ಮನುಷ್ಯನನ್ನು ನಂಬರ್ ಮಾಡಿದ ಕ್ರೌರ್ಯ ಅದು, ನಿಜ. ಆದರೆ ಇವತ್ತು ಅವರ ಹತ್ತಿರ ನಮ್ಮನ್ನು ಕರೆದುಕೊಂಡು ಹೋಗುವ ದಾರವೂ ಅದೇ.

ಈ ದಾಖಲೆಗಳು ಎಲ್ಲಿವೆ? ಮನೆಯಲ್ಲೇ ಕೂತು ನೋಡಬಹುದಾ?

ಕೆಲವನ್ನು ನೋಡಬಹುದು. ಸುರಿನಾಮ್ ಪಟ್ಟಿ ಅತ್ಯಂತ ಸುಲಭ. ನೆದರ್ಲೆಂಡ್ಸ್‌ನ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ನಟಾಲ್ ಹಡಗು ಪಟ್ಟಿಗಳನ್ನು ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದ ಗಾಂಧಿ-ಲುಥುಲಿ ದಾಖಲೆ ಕೇಂದ್ರ ಕಂಪ್ಯೂಟರಿಗೆ ಏರಿಸಿದೆ. ಫಿಜಿಯ ಪಾಸ್‌ಗಳು ಸುವಾದಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಮಾರಿಷಸ್‌ನವು ಮೋಕಾದ ಮಹಾತ್ಮ ಗಾಂಧಿ ಇನ್‌ಸ್ಟಿಟ್ಯೂಟ್‌ನಲ್ಲಿವೆ. ಅಲ್ಲಿನ ಒಂದು ವಿಶೇಷ ಅಂದರೆ ಫೋಟೋ. 1860ರ ದಶಕದಿಂದ ಕೂಲಿಗಳ ಟಿಕೆಟ್‌ಗೆ ಫೋಟೋ ಅಂಟಿಸುತ್ತಿದ್ದರು. ನಾಲ್ಕೈದು ತಲೆಮಾರಿನ ಹಿಂದಿನ ಅಜ್ಜಿಯ ಮುಖವನ್ನು ನೋಡುವ ಭಾಗ್ಯ ನಮ್ಮಲ್ಲಿ ಎಷ್ಟು ಮನೆಗಳಿಗಿದೆ, ಹೇಳಿ!

ಫಿಜಿ, ಗಯಾನಾ, ಸುರಿನಾಮ್, ಟ್ರಿನಿಡಾಡ್‌ನ ಕೂಲಿ ದಾಖಲೆಗಳನ್ನು 2011ರಲ್ಲಿ ಯುನೆಸ್ಕೋ 'ಮೆಮೊರಿ ಆಫ್ ದಿ ವರ್ಲ್ಡ್' ಪಟ್ಟಿಗೆ ಸೇರಿಸಿತು. ಇವು ಒಂದು ಮನೆಯ ಕಾಗದವಷ್ಟೇ ಅಲ್ಲ ಅಂತ ಜಗತ್ತೇ ಒಪ್ಪಿದ ಹಾಗೆ. ಈ ಕಡೆಯ ಸರ್ಕಾರಿ ಪತ್ರ ವ್ಯವಹಾರ ನೋಡಬೇಕಾದರೆ ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರ, ಮತ್ತು ಮೈಸೂರು ಸಂಸ್ಥಾನದ ಕಡತಗಳಿಗೆ ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ.

ಬರೆದು ಕೇಳುವಾಗ ಒಂದು ಮಾತು. 'ನಮ್ಮ ಅಜ್ಜನ ವಿವರ ಕೊಡಿ' ಅಂತ ಬರೆದರೆ ಯಾರಿಗೂ ಸಹಾಯ ಮಾಡೋಕಾಗಲ್ಲ. ನಂಬರ್, ಹಡಗು, ವರ್ಷ, ಈ ಮೂರರಲ್ಲಿ ಒಂದಾದರೂ ಕೊಡಿ. ನಾನು ಒಮ್ಮೆ ಒಂದು ಕಚೇರಿಗೆ ನಾಲ್ಕು ಪುಟದ ಕಥೆ ಬರೆದು ಕಳಿಸಿದ್ದೆ. ವರ್ಷ ಕಳೆದರೂ ಉತ್ತರ ಬರಲಿಲ್ಲ. ಎರಡನೇ ಸಲ ಮೂರು ಸಾಲು ಬರೆದೆ. ಬಂತು.

ಹೆಸರು ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಯಾಕೆ?

ನೀವು ಇವತ್ತಿನ ಕಾಗುಣಿತದಲ್ಲಿ ಹುಡುಕುತ್ತಿರಬಹುದು. ಕೂಲಿ ಹೇಳಿದ್ದು ಕನ್ನಡದಲ್ಲಿ. ಡಿಪೋದಲ್ಲಿ ಕೇಳಿಸಿಕೊಂಡವನು ತಮಿಳೋ ತೆಲುಗೋ ಮಾತಾಡುವವನು. ಬರೆದದ್ದು ಇಂಗ್ಲಿಷಿನಲ್ಲಿ. ಮೂರು ಕೈ ದಾಟಿ ಬಂದ ಹೆಸರು ಅದು. ಮುನಿಸ್ವಾಮಿ 'ಮೂನ್‌ಸಾಮಿ' ಆದ. ರಾಮಸ್ವಾಮಿ 'ರಾಮ್‌ಸಾಮಿ' ಆದ. ಗಟ್ಟಿಯಾಗಿ ಓದಿ ನೋಡಿ. ಕಣ್ಣಿಗೆ ಕಾಣದ ಹೆಸರು ಕಿವಿಗೆ ಸಿಕ್ಕಿಬಿಡುತ್ತದೆ.

ಇನ್ನೊಂದು ವಿಷಯ. ಮೊದಲು ಹೋದವರ ಸ್ವಂತ ಹೆಸರೇ ಮುಂದಿನ ತಲೆಮಾರಿಗೆ ಮನೆತನದ ಹೆಸರಾಯಿತು. ಆದ್ದರಿಂದ ಡರ್ಬನ್ ಕಡೆಯ ಒಂದು ಕುಟುಂಬದ ಸರ್‌ನೇಮ್ ನೋಡಿದರೆ ನಿಮಗೆ ಕಾಣುತ್ತಿರುವುದು ಬಹಳ ಸಲ ಹಡಗಿನಿಂದ ಇಳಿದ ಆ ಒಬ್ಬ ಮನುಷ್ಯನನ್ನೇ.

ಭಾಷೆಯೂ ದಾರಿ ತಪ್ಪಿಸುತ್ತದೆ. ದಕ್ಷಿಣ ಆಫ್ರಿಕಾದ ಸಂವಿಧಾನ ತಮಿಳು, ತೆಲುಗು, ಹಿಂದಿ, ಗುಜರಾತಿ, ಉರ್ದು ಭಾಷೆಗಳ ಹೆಸರು ಹೇಳುತ್ತದೆ. ಕನ್ನಡದ ಹೆಸರಿಲ್ಲ. ಹೋದ ಕನ್ನಡದವರು ಕಡಿಮೆ. ಅವರ ಮಕ್ಕಳು ಪಕ್ಕದ ಮನೆಯ ಭಾಷೆ ಆಡುತ್ತಾ ಬೆಳೆದರು. 'ನಾವು ತೆಲುಗಿನವರು' ಅಂತ ಹೇಳುವ ಮನೆಯ ಪಾಸಿನಲ್ಲಿ ಮೈಸೂರು ಜಿಲ್ಲೆ ಅಂತ ಬರೆದಿದ್ದರೆ ಗಾಬರಿಯಾಗಬೇಡಿ.

ಪಟ್ಟಿಯಲ್ಲಿ 'ಬಳ್ಳಾರಿ' ಅಂತಿದೆ. ಅದು ಈಗಿನ ಬಳ್ಳಾರಿಯೇನಾ?

ಅಂತಲೇ ತಿಳಿಯಬೇಡಿ. ಅನಂತಪುರ 1882ರವರೆಗೆ ಬಳ್ಳಾರಿ ಜಿಲ್ಲೆಯೊಳಗೇ ಇತ್ತು. ಆಗ ಬಳ್ಳಾರಿ, ದಕ್ಷಿಣ ಕನ್ನಡ ಎರಡೂ ಮದ್ರಾಸ್ ಪ್ರಾಂತ್ಯದವು. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹೊಸೂರು ಸೇಲಂ ಜಿಲ್ಲೆಯಲ್ಲಿತ್ತು. 'ಕೊಯಮತ್ತೂರು' ಅಂತ ಕಂಡ ಕೂಡಲೇ 'ನಮ್ಮವರಲ್ಲ' ಅಂತ ಪುಟ ತಿರುಗಿಸಿದ ಕೊಳ್ಳೇಗಾಲದವರನ್ನು ನಾನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಊರಿನ ಹೆಸರಲ್ಲೂ ಇದೇ ಪಾಡು. ಶ್ರೀರಂಗಪಟ್ಟಣ 'ಸೆರಿಂಗಪಟಂ' ಆಗಿರುತ್ತದೆ. ರಾಮನಗರ ಆಗ 'ಕ್ಲೋಸ್‌ಪೇಟ್'. ಪಾಂಡವಪುರ 'ಫ್ರೆಂಚ್ ರಾಕ್ಸ್'. ಇನ್ನು ಹೊಸಹಳ್ಳಿ ಅಂತ ಬರೆದಿದ್ದರೆ ತಾಲ್ಲೂಕಿನ ಹೆಸರಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗೋಕಾಗಲ್ಲ. ಎಷ್ಟು ಹೊಸಹಳ್ಳಿಗಳಿವೆ ನಮ್ಮಲ್ಲಿ! ಕೆಲವು ಊರು ಈಗ ಇಲ್ಲವೇ ಇಲ್ಲ. ಹಳೆಯ ಕನ್ನಂಬಾಡಿ ಕೆಆರ್‌ಎಸ್ ನೀರಿನಡಿ ಹೋಯಿತು. ಹಾಗಾದಾಗ ಮುಳುಗಿದ ಊರಿನವರನ್ನು ಎಲ್ಲಿ ಕೂರಿಸಿದರು ಅಂತ ಹುಡುಕಬೇಕು.

ಪಾಸಿನಲ್ಲಿರುವ ಜಾತಿ ನಮ್ಮದಕ್ಕೆ ಹೊಂದುತ್ತಿಲ್ಲ. ಹಾಗಾದರೆ ಅವರು ನಮ್ಮವರಲ್ಲವಾ?

ಅಷ್ಟಕ್ಕೇ ಬಿಟ್ಟುಬಿಡಬೇಡಿ. ಗುಮಾಸ್ತ ತನಗೆ ಗೊತ್ತಿದ್ದ ಪದ ಬರೆದ. ಕೆಲವರು ಬೇಕೆಂದೇ ಬೇರೆ ಹೇಳಿದರು. ತಂದೆಯ ಹೆಸರು, ಊರು, ಗುರುತು ಹೊಂದಿದರೆ ಈ ಒಂದು ಕಾಲಂ ತಪ್ಪಿದ್ದರೂ ಪರವಾಗಿಲ್ಲ.

ಹೋದದ್ದು ಹೆಂಗಸು. ಮನೆಯಲ್ಲಿ ಅವರ ವಿಷಯವನ್ನೇ ಎತ್ತುವುದಿಲ್ಲ. ಏನು ಮಾಡಲಿ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನೂರು ಗಂಡಸರಿಗೆ ನಲವತ್ತು ಹೆಂಗಸರನ್ನಾದರೂ ಕಳಿಸಬೇಕು ಅಂತ ನಿಯಮವಿತ್ತು. ಅದನ್ನು ತುಂಬಿಸೋಕೆ ಏಜೆಂಟರು ಜಾತ್ರೆಗಳಲ್ಲಿ, ಪೇಟೆಗಳಲ್ಲಿ, ಛತ್ರಗಳಲ್ಲಿ ಒಂಟಿ ಹೆಂಗಸರನ್ನು ಹುಡುಕಿದರು. ಗಂಡ ಸತ್ತವರು, ಮನೆಯಿಂದ ಹೊರಹಾಕಿಸಿಕೊಂಡವರು, ಹಸಿದವರು. ಊರಲ್ಲಿ ಉಳಿದವರು 'ಓಡಿಹೋದಳು' ಅಂತ ಒಂದೇ ಪದದಲ್ಲಿ ಮುಗಿಸಿಬಿಟ್ಟರು. ಹೆಸರು ಅಳಿಸಿದರು.

ಪಾಸ್ ಅವರಿಗೂ ಇದೆ. ಅಲ್ಲಿ ಅವರ ಹೆಸರಿದೆ, ಅವರ ಅಪ್ಪನ ಹೆಸರಿದೆ. ಕೆಲವರ ಜೊತೆ ಒಂದು ಎರಡು ವರ್ಷದ ಮಗುವಿನ ಹೆಸರೂ ಇದೆ. ಹುಡುಕುವಾಗ ಗಂಡನ ಮನೆಯ ಊರು, ತವರಿನ ಊರು, ಎರಡನ್ನೂ ನೋಡಿ. ಮನೆಯಲ್ಲಿ ಹಿರಿಯ ಹೆಂಗಸರನ್ನು ಒಬ್ಬೊಬ್ಬರನ್ನೇ, ಅಡುಗೆಮನೆಯಲ್ಲಿ ಕೂತು ಕೇಳಿ. ಎಲ್ಲರ ಮುಂದೆ ಹೇಳದ್ದನ್ನು ಅಲ್ಲಿ ಹೇಳುತ್ತಾರೆ.

ಊರು ಗೊತ್ತಾಯಿತು. ಅಲ್ಲಿ ಹೋಗಿ ಯಾರನ್ನು ಕೇಳಬೇಕು?

ಮೊದಲು ಮನೆದೇವರು ಯಾರು ಅಂತ ಕೇಳಿ. ಭಾಷೆ ಮರೆತ ಮನೆಯೂ ದೇವರ ಹೆಸರು ಮರೆತಿರುವುದಿಲ್ಲ. ಡರ್ಬನ್ ಕಡೆಯ ಒಂದು ಮನೆಯಲ್ಲಿ ಒಬ್ಬ ಅಜ್ಜಿ ಪೂಜೆ ಮಾಡುವಾಗ ಹೇಳುತ್ತಿದ್ದ ಪದದ ಅರ್ಥ ಯಾರಿಗೂ ತಿಳಿದಿರಲಿಲ್ಲ. ಇಲ್ಲಿ ಕೇಳಿದ ತಕ್ಷಣ ಗೊತ್ತಾಯಿತು, ಅದು ಮೈಲಾರಲಿಂಗನ ಒಕ್ಕಲಿನವರು ಹೇಳುವ 'ಏಳುಕೋಟಿ'. ಒಂದೇ ಪದ ಇಡೀ ಹುಡುಕಾಟಕ್ಕೆ ದಿಕ್ಕು ಕೊಟ್ಟಿತು.

ಉತ್ತರ ಕರ್ನಾಟಕದ ಕಡೆಯಾದರೆ ಹೆಳವರನ್ನು ಹುಡುಕಿ. ಮನೆತನಗಳ ವಂಶಾವಳಿ ಇಟ್ಟುಕೊಂಡು, ಊರೂರಿಗೆ ಬಂದು, ಬಾಗಿಲಲ್ಲಿ ನಿಂತು ತಲೆಮಾರುಗಳ ಹೆಸರು ಹೇಳುವವರು ಅವರು. ಕಾಳು ಕಡಿ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಯಾವ ಹೆಳವರಿಗೆ ಯಾವ ಮನೆತನ ಅಂತ ಹಂಚಿಕೆ ಇರುತ್ತದೆ. ನಿಮ್ಮ ಮನೆತನದ ಹೆಳವರು ಯಾರು ಅಂತ ಊರಲ್ಲಿ ವಿಚಾರಿಸಿ. 'ಇಂಥವನಿಗೆ ಮೂವರು ಮಕ್ಕಳು, ಕಿರಿಯವನು ದೇಶಾಂತರ ಹೋದ' ಅನ್ನುವ ಸಾಲು ಅವರ ಬಾಯಲ್ಲಿ ಬಂದರೆ ಅದು ಚಿನ್ನ.

ಕಾಗದದ ಕಡೆ ಬಂದರೆ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್. ಕೈಬರಹದ ಹಳೆಯ ಪಹಣಿ, ಅದಕ್ಕೂ ಹಿಂದಿನ ಭೂ ದಾಖಲೆ ಅಲ್ಲಿರುತ್ತವೆ. ಶಾನುಭೋಗರ ವಂಶದವರ ಅಟ್ಟದಲ್ಲಿ ಕಡತ ಉಳಿದಿರುವುದೂ ಉಂಟು. ಆದರೆ ಹೋದವರಲ್ಲಿ ಬಹಳ ಜನಕ್ಕೆ ಜಮೀನೇ ಇರಲಿಲ್ಲ, ಅಲ್ವಾ? ಅಂಥವರ ಹೆಸರು ಪಹಣಿಯಲ್ಲಿ ಸಿಗದಿದ್ದರೆ ಅವರು ಆ ಊರಿನವರೇ ಅಲ್ಲ ಅಂತ ಅರ್ಥವಲ್ಲ.

ಊರಿಗೆ ಹೋಗುವಾಗ ಒಬ್ಬ ಸ್ಥಳೀಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಅರಳಿಕಟ್ಟೆಯಲ್ಲಿ ಕೂತು ಎಲ್ಲರ ಮುಂದೆ 'ಇವರ ಮನೆತನದವರು ಯಾರು' ಅಂತ ಕೂಗಬೇಡಿ. ನಾಲ್ಕು ಜನ 'ನಾವೇ' ಅಂತಾರೆ. ಮೊದಲು ಅವರಿಂದ ಕಥೆ ಕೇಳಿ. ನಿಮ್ಮ ಕೈಯಲ್ಲಿರುವ ವಿವರ ಆಮೇಲೆ ಹೇಳಿ. ತಂದೆಯ ಹೆಸರು ಅವರ ಬಾಯಿಂದ ಬಂದರೆ ಮಾತ್ರ ಅದಕ್ಕೆ ತೂಕ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಸಾಕಲ್ವಾ?

ಸಾಕಾಗಲ್ಲ. ಕಾಗದದ ಜೊತೆ ಸೇರಿಸಿದರೆ ಉಪಯೋಗ. ಹೋದವನ ಮರಿಮಕ್ಕಳು ಮತ್ತು ಉಳಿದ ಅಣ್ಣನ ಮರಿಮಕ್ಕಳು ಪರಸ್ಪರ ಮೂರನೇ ಸುತ್ತಿನ ದಾಯಾದಿಗಳು. ಇಂಥ ಹತ್ತು ಜೋಡಿಗಳಲ್ಲಿ ಸುಮಾರು ಒಂದಕ್ಕೆ ಪರೀಕ್ಷೆಯಲ್ಲಿ ಕಾಣುವಷ್ಟು ಸಮಾನ ಡಿಎನ್‌ಎ ಇರುವುದೇ ಇಲ್ಲ. ಇನ್ನೊಂದು ತಲೆಮಾರು ದಾಟಿದರೆ ಅರ್ಧದಷ್ಟು ಜೋಡಿಗಳಿಗೆ ಏನೂ ಕಾಣುವುದಿಲ್ಲ. ಆದ್ದರಿಂದ 'ಹೊಂದಲಿಲ್ಲ' ಅಂದರೆ 'ಸಂಬಂಧವಿಲ್ಲ' ಅಂತಲ್ಲ. ಮನೆಯ ಅತ್ಯಂತ ಹಿರಿಯರ ಪರೀಕ್ಷೆ ಮೊದಲು ಮಾಡಿಸಿ. ಅವರು ಆ ಕಾಲಕ್ಕೆ ಒಂದೆರಡು ಮೆಟ್ಟಿಲು ಹತ್ತಿರ.

ನಮ್ಮವರಲ್ಲಿ ಇನ್ನೊಂದು ತೊಡಕಿದೆ. ಸೋದರಮಾವನ ಮಗಳು, ಅಕ್ಕನ ಮಗಳು ಅಂತ ತಲೆಮಾರುಗಟ್ಟಲೆ ಒಳಗೊಳಗೇ ಮದುವೆ ನಡೆದಿರುತ್ತದೆ. ಹಾಗಾಗಿ ದೂರದ ನೆಂಟರೂ ಪರೀಕ್ಷೆಯಲ್ಲಿ ಹತ್ತಿರದವರಂತೆ ಕಾಣುತ್ತಾರೆ. ಕಂಪನಿ 'ಎರಡನೇ ಸುತ್ತಿನ ಸೋದರ ಸಂಬಂಧಿ' ಅಂದರೆ ನಾನು ಮನಸ್ಸಿನಲ್ಲೇ ಒಂದೆರಡು ಸುತ್ತು ದೂರ ತಳ್ಳಿ ಲೆಕ್ಕ ಹಾಕುತ್ತೇನೆ. ಗಂಡಸಿನಿಂದ ಗಂಡಸಿಗೆ ನೇರ ಬಂದ ವಂಶವಾದರೆ ವೈ ಡಿಎನ್‌ಎ ಪರೀಕ್ಷೆ ಹೆಚ್ಚು ಗಟ್ಟಿ. ಮಾಡಿಸುವ ಮುಂಚೆ ಒಂದು ಯೋಚನೆ ಮಾಡಿ. ನಿಮ್ಮ ಒಬ್ಬರ ಪರೀಕ್ಷೆ ಇಡೀ ಮನೆಯ ಗುಟ್ಟನ್ನು ತೆರೆಯಬಹುದು. ಮನೆಯವರಿಗೆ ಹೇಳಿಯೇ ಮಾಡಿಸಿ.

ಅವರು ವಾಪಸ್ ಬಂದಿರಬಹುದಾ?

ಖಂಡಿತ. ಬಹಳ ಜನ ಬಂದರು. ಕರಾರು ಐದು ವರ್ಷದ್ದು. ಫಿಜಿಯಲ್ಲಿ ಹತ್ತು ವರ್ಷ ಇದ್ದವರಿಗೆ ವಾಪಸ್ ಹೋಗೋಕೆ ಉಚಿತ ಹಡಗು ಸಿಗುತ್ತಿತ್ತು. ವಾಪಸ್ ಹೊರಟ ವಿಷಯ ರಿಜಿಸ್ಟರಿನ ಷರಾ ಕಾಲಂನಲ್ಲಿ ಇರಬಹುದು, ಅದನ್ನು ಓದದೆ ಬಿಡಬೇಡಿ.

ದೂರದ ನೆಂಟರು ಸಿಕ್ಕರು. ಮೊದಲ ಪತ್ರ ಹೇಗೆ ಬರೆಯಲಿ?

ಚಿಕ್ಕದಾಗಿ. ನೀವು ಯಾರು, ಯಾವ ಊರು, ಇಬ್ಬರನ್ನೂ ಜೋಡಿಸುವ ಹಿರಿಯರು ಯಾರು, ಅದಕ್ಕೆ ನಿಮ್ಮ ಹತ್ತಿರ ಇರುವ ಒಂದು ಆಧಾರ. ಅಷ್ಟೇ. ಕೊನೆಗೆ 'ನನಗೆ ಬೇರೇನೂ ಬೇಡ, ಕಥೆ ತಿಳಿದರೆ ಸಾಕು' ಅಂತ ಒಂದು ಸಾಲು. ಫೋನ್ ನಂಬರ್, ಮನೆ ವಿಳಾಸ, ಹುಟ್ಟಿದ ದಿನಾಂಕ ಮೊದಲ ಪತ್ರದಲ್ಲಿ ಕೇಳಬೇಡಿ. ಮೋಸಗಾರರೂ ಹಾಗೇ ಕೇಳುತ್ತಾರೆ. ಬದುಕಿರುವವರ ವಿವರವನ್ನು ಎಲ್ಲರಿಗೂ ಕಾಣುವಂಥ ವಂಶವೃಕ್ಷದಲ್ಲಿ ಹಾಕಬೇಡಿ.

ಉತ್ತರ ಬರದಿದ್ದರೆ ಎರಡು ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ಬರೆಯಿರಿ. ಆಮೇಲೆ ಸುಮ್ನೆ ಬಿಡಿ. ಅವರ ಮನೆಯಲ್ಲಿ ಆ ಕಥೆ ನೋವಿನದ್ದಾಗಿರಬಹುದು.

ಊರಿನವರು 'ಆಸ್ತಿ ಕೇಳೋಕೆ ಬಂದಿದ್ದಾರೆ' ಅಂತ ಹೆದರುತ್ತಾರೆ. ಹೇಗೆ ನಿಭಾಯಿಸಲಿ?

ಹೆದರುವುದು ಸಹಜ. ವಿದೇಶದಿಂದ ಒಬ್ಬರು ಬಂದು 'ನಾನು ನಿಮ್ಮ ದಾಯಾದಿ' ಅಂದರೆ ಎರಡು ಎಕರೆ ಇರುವವರ ಎದೆ ಧಸಕ್ ಅನ್ನುತ್ತದೆ. ಮೊದಲ ಐದು ನಿಮಿಷದಲ್ಲೇ, ಬಾಯಿಬಿಟ್ಟು, ಆಸ್ತಿಯ ಮಾತೇ ಇಲ್ಲ ಅಂತ ಹೇಳಿ. ಅವರ ಪಹಣಿ, ವಂಶವೃಕ್ಷದ ಸರ್ಟಿಫಿಕೇಟ್ ಫೋಟೋ ತೆಗೆಯೋಕೆ ಹೋಗಬೇಡಿ. ಹಾಗೆಯೇ ಬಂದವರನ್ನು 'ಫಾರಿನ್ ನೆಂಟರು' ಅಂತ ಸಾಲ ಕೇಳುವುದೂ ಬೇಡ. ಈ ಎರಡು ಕಾರಣಕ್ಕೆ ಕೂಡಿಬಂದ ಸಂಬಂಧಗಳು ಒಂದೇ ವರ್ಷದಲ್ಲಿ ಮುರಿದದ್ದನ್ನು ಕಂಡಿದ್ದೇನೆ.

ಈ ದಾಖಲೆಯಿಂದ ಒಸಿಐ ಕಾರ್ಡ್ ಸಿಗುತ್ತದಾ?

ಒಸಿಐ ಅಂದರೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಸರ್ಕಾರ ಕೊಡುವ ಕಾರ್ಡ್. ಕೆಲವು ದೇಶದವರಿಗೆ ದಾರಿ ಅಗಲವಾಗಿದೆ. ಸುರಿನಾಮ್‌ನಲ್ಲಿ ಆರನೇ ತಲೆಮಾರಿನವರೆಗೆ ಕೊಡುವುದಾಗಿ ಭಾರತ 2023ರಲ್ಲಿ ಹೇಳಿತು. ಮಾರಿಷಸ್‌ನವರಿಗೆ 2024ರಲ್ಲಿ ಏಳನೇ ತಲೆಮಾರಿನವರೆಗೆ. ಮೂಲ ಪಾಸ್‌ನಿಂದ ನಿಮ್ಮವರೆಗೆ ಒಂದು ತಲೆಮಾರೂ ತಪ್ಪದಂತೆ ಜನನ, ಮದುವೆ ಪತ್ರಗಳ ಸರಪಳಿ ಬೇಕಾಗುತ್ತದೆ. ನಿಮ್ಮ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ಈಗಿನ ನಿಯಮ ಕೇಳಿಕೊಳ್ಳಿ.

ಕೊನೆಗೆ ಎಲ್ಲರೂ ಸೇರುವ ದಿನ ಏನು ತಯಾರಿ ಬೇಕು?

ಎರಡೂ ಕಡೆಯವರ ಮಾತು ಬರುವ ಒಬ್ಬರು ಬೇಕು. ಹೋದವರ ಪಾಸಿನ ದೊಡ್ಡ ಪ್ರತಿ ಎರಡು ಮಾಡಿಸಿ, ಒಂದು ಊರಿನ ಮನೆಗೆ. ಎರಡೂ ಕಡೆಯ ಹೆಸರು ಬರೆದ ವಂಶವೃಕ್ಷವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಗೋಡೆಗೆ ಅಂಟಿಸಿ. ಜನ ಅದರ ಮುಂದೆಯೇ ನಿಲ್ಲುತ್ತಾರೆ, ಬೆರಳಿಟ್ಟು ತಮ್ಮ ಹೆಸರು ಹುಡುಕುತ್ತಾರೆ. ಕಾರ್ಯಕ್ರಮ ಜಾಸ್ತಿ ಇಡಬೇಡಿ. ಭಾಷಣ ಬೇಡ. ಮನೆ, ಬಾವಿ, ದೇವಸ್ಥಾನ ತೋರಿಸಿ. ಅವರು ಮಣ್ಣು ಮುಟ್ಟಿ ಅಳುತ್ತಾರೆ. ಅಳಲಿ ಬಿಡಿ, ತಕ್ಷಣ ಫೋಟೋ ಹಿಡಿಯಬೇಡಿ.

ನಮ್ಮ ಮನೆಗೆ ಡರ್ಬನ್ನಿನಿಂದ ನಾಲ್ವರು ಬಂದದ್ದು ಮಹಾಲಯ ಅಮಾವಾಸ್ಯೆಗೆ. ಅಜ್ಜಿ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಅಮ್ಮ ಎಂದಿನಂತೆ ಕೊನೆಯ ಎಲೆಯನ್ನೂ ಹಾಕಿದರು. ಬಂದವರಲ್ಲಿ ಹಿರಿಯರಾದ ಹೆಂಗಸು ಆ ಎಲೆ ಯಾರದ್ದು ಅಂತ ಕೇಳಿದರು. ನಾನು ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅಮ್ಮ ಅವರ ಕೈಗೆ ನೀರಿನ ಚೊಂಬು ಕೊಟ್ಟು, 'ಈ ಸಲ ನೀನೇ ಹೆಸರು ಹೇಳಮ್ಮ' ಅಂದರು.